ಹಂಗಿನ ಅನ್ನ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಮನೆಗೆ ಬಂದಿದ್ದ. ಅವನಿಗೆ ಎರಡು ಕಣ್ಣೂ ಕಾಣವು. ವೈದ್ಯರ ಪ್ರಮಾಣಪತ್ರದಲ್ಲಿ ನೂರಕ್ಕೆ ನೂರು ಎಂದೇ ಬರೆದಿದೆ. ಆದರೂ ಮಾಸಾಶನದ ಅರ್ಜಿ ತಿರಸ್ಕೃತವಾಯಿತು. ಕಾರಣ ಅವನ ಕಣ್ಣಲ್ಲ, ಅವನಿಗೆ ಅನ್ನವಿಕ್ಕುವ ಅಣ್ಣನ ಸಂಬಳ.

ಇದು ಗುಮಾಸ್ತರ ತಪ್ಪಲ್ಲ, ನಿಯಮವೇ ಹಾಗಿದೆ. 2009ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆ ನೂರಕ್ಕೆ 80ರಷ್ಟು ವೈಕಲ್ಯವನ್ನು ಮಾತ್ರವಲ್ಲ, ಬಡತನದ ರೇಖೆಯ ಕೆಳಗಿರುವ ಕುಟುಂಬವನ್ನೂ ಕೇಳುತ್ತದೆ. ಮೊದಲನೆಯ ಅಳತೆ ವ್ಯಕ್ತಿಯದು, ಎರಡನೆಯದು ಮನೆಯದು. ಇವೆರಡರ ನಡುವೆ ಮನುಷ್ಯ ಕಳೆದುಹೋಗುತ್ತಾನೆ.

ಬೊಕ್ಕಸಕ್ಕೆ ಮಿತಿಯುಂಟು, ಕಡುಬಡವನಿಗೆ ಮೊದಲು ಸಲ್ಲಲಿ ಎಂಬ ವಾದವನ್ನು ನಾನು ಅಲ್ಲಗಳೆಯಲಾರೆ. ಆದರೆ ಅಣ್ಣನ ಸಂಬಳ ತಮ್ಮನ ಆದಾಯವಾಗುವುದು ಕಾಗದದ ಮೇಲೆ ಮಾತ್ರ. ಮನೆಯೊಳಗೆ ಅದರ ಹೆಸರು ಹಂಗು. ಕೈಹಿಡಿದು ನಡೆಸುವವನಿಗೆ, ಓದಿ ಹೇಳುವವನಿಗೆ ತಗಲುವ ಖರ್ಚಾದರೋ ಯಾವ ಲೆಕ್ಕಕ್ಕೂ ಬಾರದು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ವೈಕಲ್ಯವನ್ನು ದೇಹದ ಊನವೆಂದಷ್ಟೇ ಕಾಣದೆ, ಅದಕ್ಕೆ ಎದುರಾಗುವ ಅಡೆತಡೆಗಳೊಡನೆ ಸೇರಿಸಿ ನೋಡುತ್ತದೆ. ಹಾಗಿದ್ದ ಮೇಲೆ ಮತ್ತೊಬ್ಬರ ಕೈ ನೋಡಿ ಬಾಳುವುದೂ ಒಂದು ಅಡೆತಡೆಯಲ್ಲವೆ? ಪ್ರಾಯಕ್ಕೆ ಬಂದ ಅರ್ಜಿದಾರನ ಸ್ವಂತ ಆದಾಯವನ್ನಷ್ಟೇ ಗಣಿಸುವುದು ನ್ಯಾಯ.

2012ರಲ್ಲಿ ಈ ಯೋಜನೆಯ ಕೇಂದ್ರದ ಪಾಲನ್ನು ತಿಂಗಳಿಗೆ 300 ರೂಪಾಯಿಗೆ ಏರಿಸಿದರು. ಮೊತ್ತ ದೊಡ್ಡದಲ್ಲ. ಆದರೆ ಹೊರಡುವಾಗ ಅವನೆಂದ ಮಾತು ಇನ್ನೂ ಕಿವಿಯಲ್ಲಿದೆ: “ತಿಂಗಳಿಗೊಮ್ಮೆಯಾದರೂ ಅತ್ತಿಗೆಯ ಕೈಗೆ ಏನಾದರೂ ಕೊಟ್ಟು ಎಲೆಯ ಮುಂದೆ ಕೂರಬೇಕೆಂಬ ಆಸೆ, ಮೇಷ್ಟ್ರೆ.”