ಎರಡು ಲಿಂಕು ಕಳಿಸಿ ಕೈತೊಳೆದುಕೊಳ್ಳುವವರಿಗೆ

‘ಕ್ಲಾಸಿಗೆ ಬರುವ ಮೊದಲು ಎಲ್ಲರೂ ಲ್ಯಾಪ್‌ಟಾಪಿನಲ್ಲಿ ಆರ್ ಮತ್ತು ಆರ್‌ಸ್ಟುಡಿಯೊ ಇನ್‌ಸ್ಟಾಲ್ ಮಾಡಿಕೊಂಡಿರಬೇಕು.’ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವ ಅನೇಕರು ಈಗ ವಾಟ್ಸಾಪ್ ಗ್ರೂಪಿಗೆ ಹಾಕುವ ಮೊದಲ ಮೆಸೇಜು ಇದು. ಕೆಳಗೆ ಎರಡು ಲಿಂಕು. ಅಲ್ಲಿಗೆ ಮೇಷ್ಟ್ರ ಜವಾಬ್ದಾರಿ ಮುಗೀತು. ನನ್ನ ಜಗಳ ಈ ಎರಡು ಲಿಂಕುಗಳ ಜೊತೆ.

ಆರ್ ಜೊತೆ ಜಗಳ ಇಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಇಬ್ಬರು ಮೇಷ್ಟ್ರು, ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್, 1990ರ ದಶಕದಲ್ಲಿ ಶುರು ಮಾಡಿದ್ದು ಅದು. ದುಡ್ಡು ಕೊಡಬೇಕಿಲ್ಲ. ಅಷ್ಟೇ ಅಲ್ಲ, ಯಾರು ಬೇಕಾದರೂ ಕಾಪಿ ಮಾಡಿ ಹಂಚಬಹುದು ಅಂತ ಅದರ ಲೈಸೆನ್ಸೇ ಹೇಳುತ್ತೆ. ಈ ಮಾತು ನೆನಪಿರಲಿ.

ಹಂಪಿ ಪಕ್ಕದ ಕಡ್ಡಿರಾಂಪುರದಲ್ಲಿ ನನ್ನ ಅಕ್ಕನ ಮಗಳಿದ್ದಾಳೆ, ಡಿಗ್ರಿ ಓದ್ತಿದ್ದಾಳೆ. ಲ್ಯಾಪ್‌ಟಾಪು ಹೊಸಪೇಟೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್, ಒಳಗೆ 32 ಬಿಟ್ ವಿಂಡೋಸ್. “ಮಾಮ, ಮೂರು ಸಲ ಡೌನ್‌ಲೋಡ್ ಮಾಡ್ದೆ, ಓಪನ್ನೇ ಆಗವಲ್ದು” ಅಂದಳು. ಆಗೋದಾದರೂ ಹೇಗೆ? 2022ರ ಏಪ್ರಿಲ್‌ನಲ್ಲಿ ಬಂದ 4.2ನೇ ಆವೃತ್ತಿಯಿಂದ ಆರ್ 32 ಬಿಟ್ ವಿಂಡೋಸನ್ನು ಕೈಬಿಟ್ಟಿದೆ. ಅವಳಿಗೆ ಬೇಕಿದ್ದದ್ದು ಅದಕ್ಕಿಂತ ಹಿಂದಿನ 4.1.3. ಲಿಂಕು ಮಾತ್ರ ಹೊಸದಕ್ಕೇ ಕರಕೊಂಡು ಹೋಗುತ್ತೆ. ಈಗಿನ ಆರ್‌ಸ್ಟುಡಿಯೊ ಕೂಡ ಆ ಮೆಷೀನಿನಲ್ಲಿ ಓಡಲ್ಲ. ಓಡಬೇಕಾಗಿಯೂ ಇಲ್ಲ, ಆರ್ ಜೊತೆಗೇ ಬರುವ ಸಾದಾ ಕಿಟಕಿಯಲ್ಲಿ ಸರಾಸರಿಯಿಂದ ರಿಗ್ರೆಷನ್‌ವರೆಗೆ ಎಲ್ಲಾ ಆಗುತ್ತೆ. ಆದರೆ ಇದನ್ನು ಆ ಹುಡುಗಿಗೆ ಹೇಳಬೇಕಾದವರು ಯಾರು? ಇನ್ನೂರು ಎಂಬಿ ದಾಟುವ ಫೈಲನ್ನು ಫೋನಿನ ಹಾಟ್‌ಸ್ಪಾಟ್ ಹಾಕಿ, ದಿನದ ಡೇಟಾ ಮುಗಿಸಿಕೊಂಡು, ನಾಳೆಗೆ ಕಾದು ಇಳಿಸಿದ ಮೇಲೆ ಅವಳಿಗೆ ಸಿಕ್ಕಿದ್ದು ಇಂಗ್ಲಿಷಿನ ಒಂದು ಸಾಲು: ಈ ಆಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ. ಅವಳು ತಿಳಿದುಕೊಂಡದ್ದು, ‘ನನಗೆ ಸ್ಟ್ಯಾಟಿಸ್ಟಿಕ್ಸ್ ಬರಲ್ಲ’ ಅಂತ.

ಇದರ ಜೊತೆ ಇನ್ನೊಂದು ತಮಾಷೆ ಇದೆ. 4.2ಕ್ಕಿಂತ ಹಿಂದಿನ ಆರ್‌ಗೆ ವಿಂಡೋಸಿನಲ್ಲಿ ಕನ್ನಡದ ಫೋಲ್ಡರ್ ಹೆಸರು ಕಂಡರೆ ಆಗಿಬರುತ್ತಿರಲಿಲ್ಲ. ಯೂಸರ್ ನೇಮನ್ನು ಪ್ರೀತಿಯಿಂದ ಕನ್ನಡದಲ್ಲಿ ಬರೆದುಕೊಂಡವರ ಮೆಷೀನಿನಲ್ಲಿ ಪ್ಯಾಕೇಜುಗಳು ಕೂರುತ್ತಲೇ ಇರಲಿಲ್ಲ. ಹಳೇ ಲ್ಯಾಪ್‌ಟಾಪಿನವರಿಗೆ ಈ ಕಾಟ ಇವತ್ತಿಗೂ ತಪ್ಪಿಲ್ಲ. ನವೆಂಬರ್ ಒಂದಕ್ಕೆ ಡಿಪಿ ಬದಲಿಸುವ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಆಫೀಸಿನಲ್ಲಿ ಇದನ್ನು ಹೇಳಿದರೆ ಬರುವ ಉತ್ತರ: “ಗೂಗಲ್ ಮಾಡ್ಲಿ ಬಿಡೋ, ಒದ್ದಾಡಿದ್ರೇ ಕಲಿಯೋದು.” ಸ್ವಾಮಿ, ನೀವು ಕೆಲಸಕ್ಕೆ ಸೇರಿದ ದಿನ ಒದ್ದಾಡಿದ್ರಾ? ಲ್ಯಾಪ್‌ಟಾಪು ಟೇಬಲ್ಲಿಗೆ ಬರುವಾಗಲೇ ಎಲ್ಲಾ ತುಂಬಿಕೊಂಡು ಬಂದಿತ್ತು. ವಿಪಿಎನ್ ಕೈಕೊಟ್ಟರೆ ಟಿಕೆಟ್ ಹಾಕಿ ಕಾಫಿಗೆ ಹೋಗ್ತೀರಿ. ಕಂಪನಿ ಸಂಬಳ ಕೊಟ್ಟು ನಮಗೆ ಉಳಿಸಿಕೊಡುವ ಒದ್ದಾಟವನ್ನು ಕಾಲೇಜು ಫೀಸು ತಗೊಂಡು ಮಕ್ಕಳ ತಲೆಗೆ ಕಟ್ಟುತ್ತೆ. ಸ್ಟ್ಯಾಂಡರ್ಡ್ ಡೀವಿಯೇಷನ್ ಅಂದರೇನು ಅಂತ ಒದ್ದಾಡಲಿ, ಅದು ಕಲಿಕೆ. 32 ಬಿಟ್ಟೋ 64 ಬಿಟ್ಟೋ ಅಂತ ರಾತ್ರಿ ಹನ್ನೊಂದಕ್ಕೆ ಒದ್ದಾಡೋದು ಬರೀ ದಂಡ.

“ಕ್ಲೌಡಲ್ಲಿ ಮಾಡ್ಲಿ” ಅನ್ನುವವರಿಗೆ: ಕ್ಲೌಡಿಗೆ ದಿನಾ ನೆಟ್‌ವರ್ಕ್ ಬೇಕು, ಇನ್‌ಸ್ಟಾಲಿಗೆ ಒಂದೇ ದಿನ ಸಾಕು. ಕೊನೆಗೆ ಆಗೋದು ಏನು? ಮಗು ಅಂಗಡಿಗೆ ಹೋಗುತ್ತೆ, ಅಂಗಡಿಯವ ಐಬಿಎಂನ ಎಸ್‌ಪಿಎಸ್‌ಎಸ್ ಕ್ರ್ಯಾಕ್ ಹಾಕಿ ದುಡ್ಡು ತಗೊಳ್ತಾನೆ. ಬಿಟ್ಟಿ ಸಾಫ್ಟ್‌ವೇರ್ ಇರುವಾಗ ಕದ್ದದ್ದಕ್ಕೆ ದುಡ್ಡು!

ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಇದೇ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ. 1945ರ ಅವರ ಪ್ರಬಂಧದ ಫಲಿತಾಂಶ ‘ಕ್ರಾಮರ್–ರಾವ್’ ಅಂತ ಜಗತ್ತಿನ ಪಠ್ಯಗಳಲ್ಲಿದೆ. 2023ರಲ್ಲಿ, ನೂರಾ ಎರಡನೇ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ನಾವು ಫ್ಲೆಕ್ಸ್ ಕಟ್ಟೋಕೆ ರೆಡಿ. ಅದೇ ಜಿಲ್ಲೆಯ ಹುಡುಗಿ ಇನ್‌ಸ್ಟಾಲ್ ಬಟನ್ನಿನ ಹತ್ತಿರವೇ ನಿಂತುಹೋದರೆ ಯಾರಿಗೂ ನಾಚಿಕೆ ಇಲ್ಲ.

ಕೇಳ್ತಿರೋದು ದೊಡ್ಡದೇನಲ್ಲ. ಹಂಚಬಹುದು ಅಂತ ಲೈಸೆನ್ಸು ಹೇಳಿದೆಯಲ್ಲ, ಹಂಚಿ. ಒಂದು ಪೆನ್‌ಡ್ರೈವ್. ಅದರಲ್ಲಿ ಆರ್‌ನ ಎರಡು ಆವೃತ್ತಿ, ಹೊಸದು ಮತ್ತು 4.1.3. ಸಿಲೆಬಸ್ಸಿಗೆ ಬೇಕಾದ ಪ್ಯಾಕೇಜುಗಳ ಜಿಪ್ ಫೈಲುಗಳು, ನೆಟ್ ಇಲ್ಲದೆಯೂ ಹಾಕಿಕೊಳ್ಳುವ ಹಾಗೆ. ಕನ್ನಡದಲ್ಲಿ ಒಂದು ಪುಟದ ಸೂಚನೆ. ಮೊದಲ ಕ್ಲಾಸು ಪೂರ್ತಿ ಇದಕ್ಕೇ ಇರಲಿ, ಎಲ್ಲರ ಪರದೆಯ ಮೇಲೆ 2+2 ಅಂತ ಒತ್ತಿದಾಗ 4 ಬರೋವರೆಗೆ ಮೇಷ್ಟ್ರು ಬೋರ್ಡಿನ ಕಡೆ ತಿರುಗಬಾರದು. ಲ್ಯಾಪ್‌ಟಾಪೇ ಇಲ್ಲದವರಿಗೆ ಲ್ಯಾಬು ಸಂಜೆ ತನಕ ತೆರೆದಿರಲಿ.

ಜಾಗ ಉಳಿದರೆ ಇನ್ನೊಂದು ಫೈಲೂ ಇರಲಿ. ಆರ್ ಜೊತೆ ಬರುವ ಅಭ್ಯಾಸದ ಪಟ್ಟಿಗಳಲ್ಲೊಂದು 1974ರ ಅಮೆರಿಕದ ಪತ್ರಿಕೆಯಿಂದ ತೆಗೆದ 32 ಕಾರುಗಳದ್ದು. ಅದರ ಬದಲು ತುಂಗಭದ್ರಾ ಡ್ಯಾಮಿನ ದಿನದಿನದ ನೀರಿನ ಮಟ್ಟ ಹಾಕಿ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು, ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. ಆ ಗ್ರಾಫು ಯಾಕೆ ಬೇಕು ಅಂತ ಕಡ್ಡಿರಾಂಪುರದ ಹುಡುಗಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.