ಬೌಲಿಂಗ್ ಬಾಲ್ ಬಿರುಕು ಬಿಟ್ಟರೆ ದಂಡ ಯಾರಿಗೆ?

ಬೌಲಿಂಗ್ ಬಾಲ್‌ನ ತೂತಿನ ಪಕ್ಕ ಬಿರುಕು ಕಂಡರೆ ತಪ್ಪು ಬೀಳೋದು ಇಬ್ಬರ ಮೇಲೆ. ಒಂದೋ ತೂತು ಕೊರೆದವನು, ಇಲ್ಲಾ ಕೊನೆಗೆ ಎಸೆದವನು. ಇದು ನ್ಯಾಯವಲ್ಲ ಅನ್ನೋದು ನಮ್ಮ ವಾದ. ಹೋದ ಸೆಮಿಸ್ಟರ್‌ನಲ್ಲಿ ಮಾಲ್ ಒಂದರಲ್ಲಿ ಆಡೋಕೆ ಹೋದಾಗ ನಮ್ಮ ಬ್ಯಾಚಿನ ಹುಡುಗನೊಬ್ಬ ಇದೇ ಕಾರಣಕ್ಕೆ ದಂಡ ಕಟ್ಟಿ ಬಂದ. ಆ ಬಿರುಕಿನ ಒಳಗೆ ಆಗಲೇ ಕಪ್ಪು ಕೊಳೆ ಕೂತಿತ್ತು. ಆಗ ತಾನೇ ಬಿಟ್ಟ ಬಿರುಕಿನಲ್ಲಿ ಕೊಳೆ ಎಲ್ಲಿಂದ ಬರುತ್ತೆ?

ಬಾಲ್ ಒಳಗೆ ಏನಿದೆ ನೋಡಿ. ಸಾಮಾನ್ಯವಾಗಿ ನಡುವೆ ಒಂದು ಕೋರ್, ಅದರ ಸುತ್ತ ಎರಕ ಹೊಯ್ದ ರೆಸಿನ್. ರೆಸಿನ್ ಗಟ್ಟಿಯಾಗುವಾಗ ಕುಗ್ಗೋಕೆ ನೋಡುತ್ತೆ, ಆದರೆ ಆಗಲೇ ಗಟ್ಟಿಯಾಗಿರೋ ಕೋರ್ ಅದನ್ನು ಕುಗ್ಗೋಕೆ ಬಿಡಲ್ಲ. ಹಾಗಾಗಿ ಬಿಗಿಯಾದ ಅಂಗಿ ಹಾಕಿಕೊಂಡ ಹಾಗೆ, ಹೊರಪದರ ಹುಟ್ಟಿದಾಗಿನಿಂದಲೇ ಎಳೆತದಲ್ಲಿ ಇರುತ್ತೆ. ಯಾರೂ ಮುಟ್ಟದೆ ಇದ್ದರೂ ಒಳಗೆ ಉಳಿದಿರೋ ಈ ಒತ್ತಡಕ್ಕೇ ರೆಸಿಡ್ಯುಯಲ್ ಸ್ಟ್ರೆಸ್ ಅನ್ನೋದು.

ಇದರ ಮೇಲೆ ಬಿಸಿ-ತಂಪಿನ ಆಟ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಿಂದ ಬಾಲನ್ನು ನೇರವಾಗಿ ಎಸಿ ಹಾಲಿಗೆ ತಂದರೆ ಹೊರಮೈ ಬೇಗ ತಣ್ಣಗಾಗಿ ಕುಗ್ಗುತ್ತೆ. ರೆಸಿನ್‌ನಲ್ಲಿ ಶಾಖ ನಿಧಾನವಾಗಿ ಸಾಗೋದರಿಂದ ಒಳಗೆ ಇನ್ನೂ ಬಿಸಿ ಇರುತ್ತೆ. ಎಳೆತ ಇನ್ನೂ ಜಾಸ್ತಿ.

ಸರಿ, ಬಿರುಕು ತೂತಿನ ಹತ್ತಿರವೇ ಯಾಕೆ? 1898ರಲ್ಲಿ ಜರ್ಮನಿಯ ಕಿರ್ಶ್ ತೋರಿಸಿದ ಲೆಕ್ಕ ನಮ್ಮ ಸಿಲೆಬಸ್‌ನಲ್ಲೇ ಇದೆ: ಅಗಲವಾದ ಪ್ಲೇಟನ್ನು ಒಂದು ದಿಕ್ಕಿನಲ್ಲಿ ಎಳೆದರೆ, ಅದರಲ್ಲಿರೋ ಸಣ್ಣ ದುಂಡು ತೂತಿನ ಅಂಚಿನಲ್ಲಿ ಸ್ಟ್ರೆಸ್ 3 ಪಟ್ಟು. ಬಾಲ್ ಪ್ಲೇಟ್ ಅಲ್ಲ, ಆ 3ನ್ನು ಹಾಗೇ ತಂದು ಹಚ್ಚೋಕಾಗಲ್ಲ. ಆದರೂ ಎಳೆತ ಅಂಚಿನಲ್ಲೇ ಗುಂಪುಗೂಡೋದು ನಿಜ. ಅದರಲ್ಲೂ ಬೆರಳಿನ ಎರಡು ತೂತುಗಳ ನಡುವಿನ ಗೋಡೆ ಸಾಮಾನ್ಯವಾಗಿ ಕಾಲು ಇಂಚು ಅಷ್ಟೇ. ಎರಡೂ ಕಡೆಯ ಭಾರ ಆ 6 ಮಿಲಿಮೀಟರ್ ಮೇಲೆ! 7 ಕಿಲೋವರೆಗೆ ತೂಗೋ ಬಾಲ್ ದಿನವಿಡೀ ಧಡ್ ಧಡ್ ಅಂತ ಬೀಳ್ತಾ ಇದ್ದರೆ ಅದು ಎಷ್ಟು ದಿನ ತಡೆದೀತು?

ಕೊರೆಯುವವನ ತಪ್ಪು ಇರೋದೇ ಇಲ್ಲ ಅಂತಲ್ಲ. ಮೊಂಡು ಬಿಟ್ ಬಳಸಿ ಬಿಸಿ ಎಬ್ಬಿಸಿದರೆ, ಅಂಚನ್ನು ನಯ ಮಾಡದೆ ಚೂಪಾಗಿ ಬಿಟ್ಟರೆ, ಬೆರಳಿನ ರಬ್ಬರ್ ಇನ್ಸರ್ಟನ್ನು ತೀರಾ ಬಿಗಿಯಾಗಿ ಗುದ್ದಿ ಕೂರಿಸಿದರೆ, ಬಿರುಕಿಗೆ ದಾರಿ ಮಾಡಿಕೊಟ್ಟ ಹಾಗೆ. ತಮಾಷೆ ಏನಂದ್ರೆ, ಲೋಹದ ಪ್ಲೇಟುಗಳಲ್ಲಿ ಬಿರುಕು ಮುಂದೆ ಹೋಗದ ಹಾಗೆ ತಡೆಯೋಕೆ ಅದರ ತುದಿಯಲ್ಲಿ ಒಂದು ತೂತು ಕೊರೀತಾರೆ. ಬಿರುಕಿನ ಚೂಪು ತುದಿಗಿಂತ ದುಂಡು ತೂತೇ ವಾಸಿ. ಅಂದ್ರೆ ತೂತು ಒಂದೇ ವಿಲನ್ ಅಲ್ಲ.

ಹೀಗಿರುವಾಗ ಕೊನೆಗೆ ಹಿಡಿದವನಿಗೆ ಬಿಲ್ ಕೊಡೋದು ಯಾವ ಲೆಕ್ಕ? ವಾರಕ್ಕೊಮ್ಮೆ ಬಾಲ್‌ಗಳನ್ನು ನೋಡಿ, ಕೂದಲೆಳೆ ಬಿರುಕು ಬಿಟ್ಟದ್ದನ್ನು ಪಕ್ಕಕ್ಕಿಡೋದು ನಡೆಸುವವರ ಕೆಲಸ. ತೂತನ್ನು ರೆಸಿನ್‌ನಿಂದ ಮುಚ್ಚಿ ಮತ್ತೆ ಕೊರೆಯೋ ದಾರಿಯೂ ಇದೆ. ಅವರು ನೋಡೋವರೆಗೆ ನೀವೇ ನೋಡ್ಕೊಳ್ಳಿ. ಬಾಲ್ ಎತ್ತುವ ಮೊದಲು ಬೆರಳಿನ ತೂತುಗಳ ನಡುವೆ ಉಗುರು ಆಡಿಸಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಒಂದು ಫೋಟೋ ತೆಗೆದು, ಕೌಂಟರ್‌ನಲ್ಲಿ ತೋರಿಸಿ, ಬೇರೆ ಬಾಲ್ ಕೇಳಿ.