ಕುರ್ಚಿ ಕೊಟ್ಟರು, ಅಧಿಕಾರ ಕೊಡಲಿಲ್ಲ

2022ರ ಎಪ್ರಿಲ್‌ನಲ್ಲಿ ಸಿ.ಎಂ. ಇಬ್ರಾಹೀಮ್ ಜಾತ್ಯತೀತ ಜನತಾದಳದ ರಾಜ್ಯಾಧ್ಯಕ್ಷರಾದಾಗ, ಪಕ್ಷವೊಂದರ ಚುಕ್ಕಾಣಿ ಮುಸ್ಲಿಮರ ಕೈಗೆ ಬಂತೆಂದು ಸಂಭ್ರಮಿಸಿದವರು ನಮ್ಮಲ್ಲಿದ್ದರು. ಒಂದೂವರೆ ವರ್ಷದಲ್ಲೇ ಆ ಸಂಭ್ರಮದ ಬಣ್ಣ ಬಯಲಾಯಿತು. 2023ರ ಸೆಪ್ಟೆಂಬರ್ 22ರಂದು ಎಚ್.ಡಿ. ಕುಮಾರಸ್ವಾಮಿಯವರು ದಿಲ್ಲಿಯಲ್ಲಿ ಅಮಿತ್ ಶಾರನ್ನು ಭೇಟಿಯಾಗಿ ಬಿಜೆಪಿಯೊಂದಿಗೆ ಮೈತ್ರಿ ಕುದುರಿಸಿದರು. ತನ್ನೊಡನೆ ಸಮಾಲೋಚನೆಯನ್ನೇ ನಡೆಸಲಿಲ್ಲ ಎಂದು ರಾಜ್ಯಾಧ್ಯಕ್ಷರು ಬಹಿರಂಗವಾಗಿ ಹೇಳಬೇಕಾಯಿತು! ಅವರು ಅಕ್ಟೋಬರ್‌ನಲ್ಲಿ ಸಭೆ ಕರೆದು ಮೈತ್ರಿಯನ್ನು ವಿರೋಧಿಸಿದ ಕೆಲವೇ ದಿನಗಳಲ್ಲಿ ದೇವೇಗೌಡರು ರಾಜ್ಯ ಘಟಕವನ್ನೇ ವಿಸರ್ಜಿಸಿ, ಮಗನನ್ನು ಆ ಸ್ಥಾನದಲ್ಲಿ ಕೂರಿಸಿದರು. ಇದನ್ನು ನಾಯಕತ್ವದ ಬದಲಾವಣೆ ಎನ್ನಬೇಕೇ? ನಾಯಕತ್ವವು ಆ ಮನೆಯ ಹೊಸ್ತಿಲು ದಾಟಿದ್ದಾದರೂ ಯಾವಾಗ?

ಇಬ್ರಾಹೀಮರೂ ಪ್ರಶ್ನಾತೀತರಲ್ಲ. ವಿಧಾನ ಪರಿಷತ್ತಿನ ವಿಪಕ್ಷ ನಾಯಕ ಸ್ಥಾನ ತಪ್ಪಿದ ಮುನಿಸಿನಲ್ಲಿ ಕಾಂಗ್ರೆಸ್ ತೊರೆದು ಬಂದವರು ಅವರು. ಇರಲಿ.

ಈ ಪಕ್ಷದ ಹೆಸರಿನಲ್ಲಿರುವ 'ಜಾತ್ಯತೀತ' ಎಂಬ ಪದಕ್ಕೂ ಒಂದು ಚರಿತ್ರೆಯಿದೆ. 1999ರಲ್ಲಿ ಜೆ.ಎಚ್. ಪಟೇಲರ ಬಣ ಎನ್‌ಡಿಎ ಕಡೆಗೆ ವಾಲಿದಾಗ, ನಾವು ಆ ದಾರಿಯವರಲ್ಲ ಎಂದು ಸಾರಲು ಗೌಡರು ತಮ್ಮ ದಳಕ್ಕೆ ಇಟ್ಟ ಹೆಸರದು. 2005ರಲ್ಲಿ ಸಿದ್ದರಾಮಯ್ಯನವರನ್ನು ಹೊರಹಾಕಲಾಯಿತು. 2006ರ ಫೆಬ್ರವರಿಯಲ್ಲಿ ಕುಮಾರಸ್ವಾಮಿಯವರು ಬಿಜೆಪಿಯೊಡನೆ ಸೇರಿ ಮುಖ್ಯಮಂತ್ರಿಯಾದರು. 2004ರಲ್ಲಿ 58 ಸ್ಥಾನ ಗೆದ್ದಿದ್ದ ಪಕ್ಷ 2008ರಲ್ಲಿ 28ಕ್ಕೆ ಕುಸಿಯಿತು. ಆಗ, ಮಗ ತಂದೆಯ ಮಾತು ಮೀರಿದನೆಂಬ ಸಮಜಾಯಿಷಿಯಾದರೂ ಇತ್ತು. 2023ರಲ್ಲಿ ತಂದೆಯೇ ಮೈತ್ರಿಯನ್ನು ಹರಸಿದರು. ಸಮಜಾಯಿಷಿಗೂ ಜಾಗ ಉಳಿಯಲಿಲ್ಲ.

ಮುಸ್ಲಿಮರಿಗೆ ಇದು ಬರಿಯ ಕುರ್ಚಿಯ ಜಗಳವಾಗಿರಲಿಲ್ಲ. ಪ್ರವರ್ಗ 2ಬಿಯಡಿ ಶೇ. 4ರ ಮೀಸಲಾತಿ ಜಾರಿಗೆ ಬಂದದ್ದು 1995ರಲ್ಲಿ, ದೇವೇಗೌಡರೇ ಮುಖ್ಯಮಂತ್ರಿಯಾಗಿದ್ದಾಗ. ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂಜಿನಿಯರಿಂಗ್ ಸೀಟಿಗೆ, ಸರಕಾರಿ ನೌಕರಿಗೆ ನೆಚ್ಚಿಕೊಂಡದ್ದು ಇದನ್ನೇ. 2023ರ ಮಾರ್ಚ್‌ನಲ್ಲಿ ಬೊಮ್ಮಾಯಿ ಸರಕಾರವು ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ತಾವು ಕೊಟ್ಟದ್ದನ್ನು ಕಸಿಯಹೊರಟ ಪಕ್ಷದ ಕೈಯನ್ನೇ ಗೌಡರ ಪಕ್ಷವು ಆರು ತಿಂಗಳಲ್ಲಿ ಕುಲುಕಿತು. ಆ ದಿನ ಅಧ್ಯಕ್ಷ ಸ್ಥಾನದಲ್ಲಿ ಮುಸ್ಲಿಮನೊಬ್ಬನಿದ್ದ ಎಂಬುದರಿಂದ ಸಮುದಾಯಕ್ಕೆ ದೊರೆತದ್ದೇನು?

ಟಿಕೆಟ್ ಹಂಚುವವರು ಯಾರು, ಮೈತ್ರಿ ನಿರ್ಧರಿಸುವವರು ಯಾರು ಎಂದು ವಿಚಾರಿಸದೆ ಹಾರ ಹಿಡಿದು ಓಡುವ ನಮ್ಮ ಚಾಳಿಯೂ ಈ ಪ್ರಹಸನಕ್ಕೆ ನೆರವಾಗಿದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಈ ಪಕ್ಷದಿಂದ ಸ್ಪರ್ಧಿಸಿದ ಒಬ್ಬ ಮುಸ್ಲಿಮನೂ ಗೆಲ್ಲಲಿಲ್ಲ. ಒಟ್ಟು ಬಂದದ್ದೇ 19 ಸ್ಥಾನ.

ಮೈತ್ರಿಯಿಂದ ಕುಮಾರಸ್ವಾಮಿಯವರಿಗೆ 2024ರಲ್ಲಿ ಕೇಂದ್ರ ಸಚಿವ ಪದವಿ ದಕ್ಕಿತು. ಅವರು ತೆರವುಗೊಳಿಸಿದ ಚನ್ನಪಟ್ಟಣಕ್ಕೆ ಪಕ್ಷವು ಅಭ್ಯರ್ಥಿಯನ್ನು ಹುಡುಕಿ ಕೊನೆಗೆ ಕಂಡದ್ದು ಅವರ ಮಗ ನಿಖಿಲ್‌ರನ್ನು. ನವೆಂಬರ್‌ನಲ್ಲಿ ಅವರು ಸೋತರು. ಮುಸ್ಲಿಮ್ ಮತಗಳು ಕೈತಪ್ಪಿದ್ದು ಸೋಲಿಗೆ ಒಂದು ಕಾರಣವೆಂದು ವಿಶ್ಲೇಷಕರು ಬರೆದರು. ಅವು ತಾವಾಗಿ ತಪ್ಪಿಹೋದ ಮತಗಳೋ, ಹಿಂದಿನ ವರ್ಷ ದಿಲ್ಲಿಯಲ್ಲಿ ಬಿಟ್ಟುಬಂದ ಮತಗಳೋ?